ಅದೃಶ್ಯ ಗುರುಗಳೂ ಅವರ ದೂತರೂ

ಗುರುವಿಲ್ಲದೆ ವಿದ್ಯೆಯಿಲ್ಲವೆಂಬ ಮಾತು ನಮ್ಮ ದೇಶದಲ್ಲಿ ವೇದಾಂತಿಗಳಿಂದ ಮೊದಲುಗೊಂಡು ಗರಡಿಯ ಜಟ್ಟಿಗಳವರೆಗೆ ಎಲ್ಲರಿಗೂ ಸಮ್ಮತವಾದುದು. ಆದರೆ ಆ ಗುರುವು ನಮ್ಮ ಕಣ್ಣಿಗೆ ಕಾಣುವವನಾಗಿರಬೇಕೇ, ಅವನೆದುರಿಗೆ ಕುಳಿತು ನಾವು ಸಂಶಯಗಳನ್ನು ಪರಿಹರಿಸಿಕೊಳ್ಳುವಂತಿರಬೇಕೇ, ಅಥವಾ ಹಿಮಾಲಯದಾಚೆಯ ಯಾವುದೋ ಕಣಿವೆಯಲ್ಲಿಯೋ, ಸ್ಥೂಲದೇಹವನ್ನು ತೊರೆದು ಲೋಕಾಂತರದಲ್ಲಿಯೋ ಇದ್ದುಕೊಂಡು ಮತ್ತೊಬ್ಬರ ಬಾಯಿಂದ ಮಾತ್ರ ಉಪದೇಶಿಸುವವನಾದರೂ ಸಾಕೇ ಎಂಬುದು ಬೇರೆಯ ಪ್ರಶ್ನೆ. ಈ ಎರಡನೆಯ ಬಗೆಯ ಗುರುಗಳನ್ನು ನಂಬಿ ಕಳೆದ ಒಂದೂವರೆ ಶತಮಾನದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಹುಟ್ಟಿವೆ, ಒಡೆದಿವೆ. ವಿದ್ಯಾವಂತರೂ ಅಧಿಕಾರಸ್ಥರೂ ತಮ್ಮ ಧನವನ್ನೂ ಮಾನವನ್ನೂ ಅವುಗಳಿಗೆ ಒಪ್ಪಿಸಿದ್ದಾರೆ. ಒಬ್ಬ ತಂದೆಯು ತನ್ನ ಮಕ್ಕಳನ್ನೇ ಕಳೆದುಕೊಂಡಿದ್ದಾನೆ. ಪಶ್ಚಿಮದೇಶಗಳ ರಹಸ್ಯವಿದ್ಯೆಯ ಪಂಥಗಳಲ್ಲಿ 'ಅಸೆಂಡೆಡ್ ಮಾಸ್ಟರ್' ಎಂದು ಕರೆಯಲ್ಪಡುವ ಈ ಪುರುಷರನ್ನು ನಾವು 'ಊರ್ಧ್ವಗತ ಗುರುಗಳು' ಎನ್ನಬಹುದು. ಇವರು ಉಂಟೋ ಇಲ್ಲವೋ ಎಂಬ ವಾದಕ್ಕೆ ಈ ಲೇಖನವು ಕೈಹಾಕುವುದಿಲ್ಲ. ಅವರ ಹೆಸರಿನಲ್ಲಿ ಮಾತನಾಡಿದವರು ಯಾರು, ಆ ಮಾತಿಗೆ ಪ್ರಮಾಣವನ್ನು ಕೇಳಿದಾಗ ಏನಾಯಿತು ಎಂಬುದು ಚರಿತ್ರೆಯ ವಿಷಯ. ಅದನ್ನು ನಾವು ನೋಡಬಹುದು.

ಈ ಕಲ್ಪನೆಯು ನಮ್ಮ ದೇಶದಿಂದಲೇ ಪಶ್ಚಿಮಕ್ಕೆ ಹೋಯಿತೆಂದು ಅನೇಕರು ಭಾವಿಸಿರುವರು. ಅದು ಅರ್ಧ ಮಾತ್ರ ನಿಜ. ೧೬೧೪ರಲ್ಲಿ ಜರ್ಮನಿಯ ಕಾಸೆಲ್ ಪಟ್ಟಣದಲ್ಲಿ ಅಚ್ಚಾದ ಒಂದು ಚಿಕ್ಕ ಪುಸ್ತಕವು, ರೋಸಿಕ್ರೂಸಿಯನ್ ಎಂಬ ಗುಪ್ತವಾದ ಸೋದರಸಂಘವೊಂದು ಇರುವುದೆಂದೂ, ಅದರ ಮೂಲಪುರುಷನು ಅರಬ್ಬೀ ದೇಶಗಳಲ್ಲಿ ವಿದ್ಯೆಯನ್ನು ಸಂಪಾದಿಸಿ ಬಂದವನೆಂದೂ ಲೋಕಕ್ಕೆ ಸಾರಿತು. ಅನೇಕ ವಿದ್ವಾಂಸರು ತಮ್ಮನ್ನು ಆ ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ಬಹಿರಂಗವಾಗಿ ಪತ್ರಗಳನ್ನು ಅಚ್ಚುಹಾಕಿಸಿದರು, ಉತ್ತರವು ಬರಲಿಲ್ಲ. ಮುಂದೆ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಫಾನ್ ಹುಂಡ್ ಎಂಬ ಜರ್ಮನ್ ಜಹಗೀರದಾರನು ಫ್ರೀಮೇಸನ್ನರಲ್ಲಿ ಒಂದು ಶಾಖೆಯನ್ನು ಕಟ್ಟಿ, ತನಗೆ 'ಅಜ್ಞಾತ ಅಧಿಪತಿಗಳಿಂದ' ಅಪ್ಪಣೆಗಳು ಬರುತ್ತವೆಯೆಂದು ಹೇಳಿಕೊಂಡನು. ಆ ಅಧಿಪತಿಗಳನ್ನು ತೋರಿಸೆಂದು ಶಿಷ್ಯರು ಕೇಳಿದಾಗ ಅವನಿಂದ ತೋರಿಸಲಾಗಲಿಲ್ಲ. ಅವನು ೧೭೭೬ರಲ್ಲಿ ತೀರಿಕೊಂಡನು. ೧೭೮೨ರಲ್ಲಿ ಕೂಡಿದ ಸಭೆಯಲ್ಲಿ ಅವನ ಶಾಖೆಯವರೇ ತಮ್ಮ ಪಂಥದ ಮೂಲಕಥೆಯನ್ನು ಕೈಬಿಟ್ಟರು. ಕಾಣದ ಸಂಘ, ಅದರ ಪರವಾಗಿ ಮಾತನಾಡುವ ಒಬ್ಬನೇ ದೂತ, ಪ್ರಮಾಣವನ್ನು ಕೇಳಿದೊಡನೆ ಮೌನ—ಈ ಮೂರು ಅಂಗಗಳೂ ಯೂರೋಪಿನಲ್ಲಿ ಆಗಲೇ ಸಿದ್ಧವಾಗಿದ್ದವು. ಅವುಗಳಿಗೆ ಕಾಷಾಯವಸ್ತ್ರವನ್ನು ಉಡಿಸುವುದು ಮಾತ್ರ ಉಳಿದಿತ್ತು.

ಆ ಕೆಲಸವನ್ನು ಮಾಡಿದವರು ಹೆಲೆನಾ ಪೆಟ್ರೋವ್ನಾ ಬ್ಲಾವಟ್‌ಸ್ಕಿಯವರು. ೧೮೩೧ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿದ ಈ ಅಸಾಧಾರಣ ಸ್ತ್ರೀಯು ೧೮೭೫ರಲ್ಲಿ ಕರ್ನಲ್ ಆಲ್ಕಾಟ್, ವಿಲಿಯಂ ಜಡ್ಜ್ ಮೊದಲಾದವರೊಡನೆ ನ್ಯೂಯಾರ್ಕಿನಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ೧೮೭೯ರಲ್ಲಿ ಆಕೆಯೂ ಆಲ್ಕಾಟರೂ ಮುಂಬಯಿಗೆ ಬಂದಿಳಿದರು. ೧೮೮೨ರ ಕೊನೆಯಲ್ಲಿ ಸೊಸೈಟಿಯ ಕೇಂದ್ರವು ಮದರಾಸಿನ ಅಡಯಾರಿಗೆ ಬಂದಿತು. ತನ್ನ ಗ್ರಂಥಗಳು ತನ್ನ ಸ್ವಂತವಲ್ಲ, ಟಿಬೆಟ್ ದೇಶದಲ್ಲಿ ವಾಸಿಸುವ ಮಹಾತ್ಮರ ಉಪದೇಶವೆಂಬುದು ಆಕೆಯ ಹೇಳಿಕೆ. ಆ ಮಹಾತ್ಮರಲ್ಲಿ ಇಬ್ಬರು ಮುಖ್ಯರು: ಒಬ್ಬರು ಮೋರ್ಯ, ಇನ್ನೊಬ್ಬರು ಕೂಟ್‌ಹೂಮಿ.

ಇಲ್ಲಿ ಸಂಸ್ಕೃತವನ್ನು ಬಲ್ಲವರು ಒಂದು ಸಂಗತಿಯನ್ನು ಗಮನಿಸಬೇಕು. ಸಾಮವೇದದ ಕೌಥುಮಶಾಖೆಯು ನಮ್ಮಲ್ಲಿ ಪ್ರಸಿದ್ಧವಾದುದು; ಸಾಮಶಾಖೆಗಳನ್ನು ಹೇಳುವಲ್ಲಿ ವಿಷ್ಣುಪುರಾಣವು ಕುಥುಮಿಯೆಂಬ ಋಷಿಯನ್ನು ಹೆಸರಿಸುತ್ತದೆ. ಅದೇ ಪುರಾಣದಲ್ಲಿಯೂ ಭಾಗವತದಲ್ಲಿಯೂ, ಕುರುವಂಶದ ದೇವಾಪಿ, ಇಕ್ಷ್ವಾಕುವಂಶದ ಮರು ಎಂಬ ಇಬ್ಬರು ಯೋಗಬಲದಿಂದ ಕಲಾಪಗ್ರಾಮದಲ್ಲಿ ಜೀವಿಸಿಕೊಂಡಿದ್ದು, ಕಲಿಯುಗಾಂತ್ಯದಲ್ಲಿ ಕ್ಷತ್ರಿಯವಂಶಗಳನ್ನು ಪುನಃ ಪ್ರವರ್ತಿಸುವರೆಂದು ಹೇಳಿದೆ. ಬ್ಲಾವಟ್‌ಸ್ಕಿಯವರು ೧೮೮೮ರಲ್ಲಿ ಪ್ರಕಟಿಸಿದ 'ಸೀಕ್ರೆಟ್ ಡಾಕ್ಟ್ರಿನ್' ಗ್ರಂಥದಲ್ಲಿ ಈ ಪುರಾಣಭಾಗವನ್ನು ಎತ್ತಿಕೊಂಡಿರುವರು. ಹೀಗಿರಲು ಮಹಾತ್ಮರ ವಾರ್ತೆಯು ನಮ್ಮ ಜನರ ಕಿವಿಗೆ ಹೊಸದೆಂದು ತೋರಲಿಲ್ಲ. ಮಾರ್ಕಂಡೇಯನನ್ನೂ ಅಶ್ವತ್ಥಾಮನನ್ನೂ ಚಿರಂಜೀವಿಗಳೆಂದು ನಂಬಿದ ಮನೆಗಳಲ್ಲಿ, ಹಿಮಾಲಯದಲ್ಲಿ ಋಷಿಗಳು ಇನ್ನೂ ಇದ್ದಾರೆಂದರೆ ಆಶ್ಚರ್ಯವೇನು? ಮೇಲಾಗಿ, ಆಳುವವರ ಜನಾಂಗದ ಒಬ್ಬ ವಿದುಷಿಯು ಸಮುದ್ರವನ್ನು ದಾಟಿ ಬಂದು, ಜ್ಞಾನವು ನಿಮ್ಮ ಋಷಿಗಳಲ್ಲಿದೆ, ನಾವು ಅವರ ಶಿಷ್ಯರೆಂದು ಹೇಳಿದುದು, ಪಾದ್ರಿಗಳ ನಿಂದೆಯನ್ನು ಕೇಳಿ ಬೇಸತ್ತಿದ್ದ ಆ ಕಾಲದ ವಿದ್ಯಾವಂತರಿಗೆ ಅಮೃತಪ್ರಾಯವಾಯಿತು. ಮದರಾಸಿನ ವಕೀಲರೂ ಮಹಾಮೇಧಾವಿಗಳೂ ಆಗಿದ್ದ ಟಿ. ಸುಬ್ಬರಾಯರು ಸೊಸೈಟಿಯನ್ನು ಸೇರಿದರು. ದಾಮೋದರ ಮಾವಳಂಕರರೆಂಬ ತರುಣರು ಮನೆಯನ್ನೂ ಆಸ್ತಿಯನ್ನೂ ತೊರೆದು ಸೊಸೈಟಿಯ ಸೇವೆಗೆ ನಿಂತರು. ೧೮೮೫ರಲ್ಲಿ ಮಹಾತ್ಮರನ್ನು ಅರಸಿಕೊಂಡು ಟಿಬೆಟ್ಟಿನ ಕಡೆಗೆ ಹೊರಟುಹೋದವರು ಮರಳಿ ಬರಲೇ ಇಲ್ಲ.

ಮಹಾತ್ಮರು ಮಾತನಾಡಿದುದು ಪತ್ರಗಳ ಮೂಲಕ. ಅಲಹಾಬಾದಿನ 'ಪಯೊನೀರ್' ಪತ್ರಿಕೆಯ ಸಂಪಾದಕರಾದ ಸಿನ್ನೆಟ್ಟರು ೧೮೮೦ರ ಅಕ್ಟೋಬರಿನಲ್ಲಿ ಸಿಮ್ಲಾದಲ್ಲಿ ಬ್ಲಾವಟ್‌ಸ್ಕಿಯವರ ಕೆಲವು ಚಮತ್ಕಾರಗಳನ್ನು ಕಂಡರು. ಆರು ಜನರ ವನಭೋಜನಕ್ಕೆ ಏಳನೆಯವರೊಬ್ಬರು ಬಂದು ಸೇರಲು, ಚಹಾದ ಬಟ್ಟಲೊಂದು ಕಡಮೆಯಾಯಿತು. ಆಕೆ ತೋರಿಸಿದ ನೆಲವನ್ನು ಅಗೆದಾಗ ಅದೇ ಮಾದರಿಯ ಬಟ್ಟಲೂ ತಟ್ಟೆಯೂ ದೊರೆತವು. ಸಿನ್ನೆಟ್ಟರಿಗೆ ಆ ಮಹಾತ್ಮರೊಡನೆ ತಾವೇ ಪತ್ರವ್ಯವಹಾರ ಮಾಡಬೇಕೆಂಬ ಆಸೆಯು ಹುಟ್ಟಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆಯು ಅಲ್ಲಿ ಅಚ್ಚಾದ ದಿನವೇ ಸಿಮ್ಲಾದಲ್ಲಿ ಅದರ ಪ್ರತಿಯೊಂದನ್ನು ತರಿಸಿ ತೋರಿಸಿದರೆ ಲೋಕವೆಲ್ಲ ನಂಬುವುದೆಂದು ಅವರು ಬರೆದರು. ಬರೆದುದೇನೋ ಸರಿ, ಅದನ್ನು ಯಾರ ಕೈಗೆ ಕೊಡಬೇಕು? ಬ್ಲಾವಟ್‌ಸ್ಕಿಯವರ ಕೈಗೇ ಕೊಟ್ಟರು. ಕೆಲವು ದಿನಗಳಲ್ಲಿ ಕೂಟ್‌ಹೂಮಿಯವರ ಉತ್ತರವು ಸಿನ್ನೆಟ್ಟರ ಬರವಣಿಗೆಯ ಮೇಜಿನ ಮೇಲೆ ಕಾಣಿಸಿತು: ಅಂತಹ ಪರೀಕ್ಷೆಗೆ ಲೋಕವು ಇನ್ನೂ ಪಕ್ವವಾಗಿಲ್ಲವೆಂಬುದು ಅದರ ತಾತ್ಪರ್ಯ. ಹೀಗೆ ಆರಂಭವಾದ ವ್ಯವಹಾರವು ಕೆಲವು ವರ್ಷಗಳವರೆಗೆ ನಡೆದು ಪತ್ರಗಳ ಸಂಖ್ಯೆಯು ನೂರನ್ನು ಮೀರಿತು. ಅವುಗಳ ಆಧಾರದಿಂದ ಸಿನ್ನೆಟ್ಟರು ೧೮೮೧ರಲ್ಲಿಯೂ ೧೮೮೩ರಲ್ಲಿಯೂ ಎರಡು ಗ್ರಂಥಗಳನ್ನು ಪ್ರಕಟಿಸಿದರು. ಪತ್ರಗಳೇ ೧೯೨೩ರಲ್ಲಿ ಪುಸ್ತಕರೂಪವಾಗಿ ಹೊರಬಂದವು. ಮೂಲಪ್ರತಿಗಳು ಲಂಡನ್ನಿನಲ್ಲಿ ಬ್ರಿಟಿಷ್ ಗ್ರಂಥಭಂಡಾರದಲ್ಲಿವೆ.

ಮೊದಲನೆಯ ಸಂಕಟವು ೧೮೮೩ರಲ್ಲಿ ಬಂದಿತು. ಹೆನ್ರಿ ಕಿಡ್ಲ್ ಎಂಬ ಅಮೆರಿಕದ ಮಹಾಶಯರು, ತಾವು ೧೮೮೦ರ ಆಗಸ್ಟಿನಲ್ಲಿ ಮಾಡಿದ ಒಂದು ಭಾಷಣದ ವಾಕ್ಯಗಳು ಕೂಟ್‌ಹೂಮಿಯವರ ಪತ್ರದಲ್ಲಿ ಹೆಚ್ಚು ಕಡಮೆ ಅಕ್ಷರಶಃ ಬಂದಿವೆಯೆಂದು ಲಂಡನ್ನಿನ ಪತ್ರಿಕೆಯೊಂದರಲ್ಲಿ ತೋರಿಸಿಕೊಟ್ಟರು. ಟಿಬೆಟ್ಟಿನ ಋಷಿಗೆ ಅಮೆರಿಕದ ಭಾಷಣಕಾರನಿಂದ ಕಡ ತರುವ ಅಗತ್ಯವೇನಿತ್ತು? ಮಹಾತ್ಮರ ಕಡೆಯಿಂದ ಸಮಾಧಾನವು ಬಂದಿತು: ದೂರಪ್ರಯಾಣದಿಂದ ದಣಿದಿದ್ದಾಗ ಮನಸ್ಸಿನಿಂದಲೇ ಹೇಳಿ ಬರೆಯಿಸಿದ ಪತ್ರವದು, ಅದನ್ನು ಕಾಗದದ ಮೇಲೆ ಮೂಡಿಸಿದ ಎಳೆಯ ಶಿಷ್ಯನು ಉದ್ಧರಿಸಿದ ಮಾತುಗಳನ್ನು ಉಳಿಸಿ ನಡುವಿನ ಟೀಕೆಯನ್ನು ಬಿಟ್ಟನು. ನಂಬಿದವರಿಗೆ ಇಷ್ಟು ಸಾಕಾಯಿತು. ಆದರೆ ಈ ಸಮಾಧಾನದ ರೀತಿಯನ್ನು ನಾವು ಲಕ್ಷಿಸಬೇಕು. ತಪ್ಪು ಕಂಡುಬಂದಾಗ ಅದು ದೂತನದು, ಸರಿಯಾದುದು ಗುರುವಿನದು. ಇಂತಹ ಏರ್ಪಾಡಿನಲ್ಲಿ ಗುರುವನ್ನು ಅಲ್ಲಗಳೆಯುವ ಪ್ರಮಾಣವೆಂಬುದು ಎಂದೂ ಸಿಕ್ಕಲಾರದು. ಸಾಧಿಸುವ ಪ್ರಮಾಣವೂ ಅಷ್ಟೇ.

ಎರಡನೆಯ ಸಂಕಟವು ಇನ್ನೂ ಘೋರವಾದುದು. ಅಡಯಾರಿನಲ್ಲಿ ಬ್ಲಾವಟ್‌ಸ್ಕಿಯವರ ಮಲಗುವ ಕೋಣೆಗೆ ತಾಗಿದ್ದ ಕೊಠಡಿಯ ಗೋಡೆಗೆ ಒಂದು ಬೀರುವನ್ನು ತೂಗಹಾಕಿದ್ದರು. ಮಹಾತ್ಮರ ಪತ್ರಗಳು ಅದರಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತಿದ್ದವು. ಆ ಮನೆಯ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದ ಕೂಲಂಬ್ ದಂಪತಿಗಳನ್ನು, ಬ್ಲಾವಟ್‌ಸ್ಕಿ ಮತ್ತು ಆಲ್ಕಾಟರು ಯೂರೋಪಿನಲ್ಲಿದ್ದಾಗ, ೧೮೮೪ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಹಾಕಲಾಯಿತು. ಚಮತ್ಕಾರಗಳಿಗೆ ತಾವೇ ಸಹಾಯಕರಾಗಿದ್ದೆವೆಂದು ಹೇಳಿ, ಬ್ಲಾವಟ್‌ಸ್ಕಿಯವರದೆನ್ನಲಾದ ಪತ್ರಗಳನ್ನು ಅವರು ಪಾದ್ರಿಗಳಿಗೆ ಒಪ್ಪಿಸಿದರು. ಅದೇ ಸೆಪ್ಟೆಂಬರಿನಲ್ಲಿ ಅವು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಮಾಸಪತ್ರಿಕೆಯಲ್ಲಿ ಅಚ್ಚಾದವು. ಲಂಡನ್ನಿನ ಅತೀಂದ್ರಿಯ ಸಂಶೋಧನಾ ಸಂಘವು ರಿಚರ್ಡ್ ಹಾಡ್ಜ್‌ಸನ್ ಎಂಬವರನ್ನು ವಿಚಾರಣೆಗೆಂದು ಕಳುಹಿಸಿತು. ಅವರು ಬರುವ ವೇಳೆಗೆ ಆ ಬೀರುವೇ ನಾಶವಾಗಿದ್ದಿತು. ೧೮೮೫ರಲ್ಲಿ ಹೊರಬಂದ ವರದಿಯು ಪತ್ರಗಳೆಲ್ಲ ಕೃತ್ರಿಮವೆಂದೂ, ಬ್ಲಾವಟ್‌ಸ್ಕಿಯವರು ಅಸಾಮಾನ್ಯ ನೈಪುಣ್ಯವುಳ್ಳ ವಂಚಕಿಯೆಂದೂ ತೀರ್ಮಾನಿಸಿತು. ನೂರು ವರ್ಷಗಳ ತರುವಾಯ, ೧೯೮೬ರಲ್ಲಿ, ಅದೇ ಸಂಘದ ಪತ್ರಿಕೆಯಲ್ಲಿ ಹಸ್ತಾಕ್ಷರಪರೀಕ್ಷಕರಾದ ವರ್ನನ್ ಹ್ಯಾರಿಸನ್ನರು, ಹಾಡ್ಜ್‌ಸನ್ನರ ವಿಚಾರಣೆಯು ಪಕ್ಷಪಾತದಿಂದ ಕೂಡಿತ್ತೆಂದು ವಿಮರ್ಶಿಸಿದರು. ೧೯೯೪ರಲ್ಲಿ ಪಾಲ್ ಜಾನ್ಸನ್ನರು, ಮಹಾತ್ಮರು ಟಿಬೆಟ್ಟಿನವರಲ್ಲ, ಕಾಶ್ಮೀರದ ಮಹಾರಾಜ ರಣಬೀರಸಿಂಹರೇ ಮೊದಲಾದ ನಿಜವಾದ ಮನುಷ್ಯರಿಗೆ ಬ್ಲಾವಟ್‌ಸ್ಕಿಯವರು ತೊಡಿಸಿದ ಮುಸುಕೆಂಬ ಊಹೆಯನ್ನು ಮುಂದಿಟ್ಟರು. ಆದುದರಿಂದ ವಿವಾದವು ಮುಗಿದುಹೋಯಿತೆಂದು ಹೇಳುವಂತಿಲ್ಲ. ಆದರೆ ವಿವಾದವು ಮುಗಿಯಲಾರದೆ ಇರುವುದಕ್ಕೆ ಕಾರಣವು ಸ್ಪಷ್ಟವಾಗಿದೆ: ಸಾಕ್ಷಿ ಹೇಳಬೇಕಾದ ಮಹಾತ್ಮರು ಸಾಕ್ಷಿಕಟ್ಟೆಗೆ ಬರುವವರಲ್ಲ.

ಬ್ಲಾವಟ್‌ಸ್ಕಿಯವರು ೧೮೮೫ರ ಮಾರ್ಚಿನಲ್ಲಿ ಹಿಂದೂದೇಶವನ್ನು ಬಿಟ್ಟು, ೧೮೯೧ರಲ್ಲಿ ಲಂಡನ್ನಿನಲ್ಲಿ ದೇಹತ್ಯಾಗ ಮಾಡಿದರು. ಪತ್ರಗಳಾದರೋ ನಿಲ್ಲಲಿಲ್ಲ. ಆಕೆಯ ಮರಣಾನಂತರವೂ ಅದೇ ಅಕ್ಷರದ ಪತ್ರಗಳು ತಮಗೆ ಬಂದಿವೆಯೆಂದು ಶ್ರೀಮತಿ ಆನಿ ಬೆಸೆಂಟರು ಬಹಿರಂಗಸಭೆಯಲ್ಲಿ ಹೇಳಿ, ಬ್ಲಾವಟ್‌ಸ್ಕಿಯವರ ಮೇಲಿನ ಆರೋಪಕ್ಕೆ ಇದೇ ಉತ್ತರವೆಂದರು. ಅನಂತರ ಅವರಿಗೇ ಆ ಪತ್ರಗಳನ್ನು ಬರೆದವರು ವಿಲಿಯಂ ಜಡ್ಜರೆಂಬ ಸಂಶಯವು ಬಲವಾಯಿತು. ೧೮೯೪ರಲ್ಲಿ ಲಂಡನ್ನಿನಲ್ಲಿ ವಿಚಾರಣಾಸಮಿತಿಯು ಕೂಡಿತು. ಕೂಡಿ, ತೀರ್ಪನ್ನು ಕೊಡದೆಯೇ ಎದ್ದಿತು. ಏಕೆಂದರೆ, ಪತ್ರವು ಮಹಾತ್ಮರದು ಹೌದು ಅಥವಾ ಅಲ್ಲವೆಂದು ನಿರ್ಣಯಿಸಬೇಕಾದರೆ ಮಹಾತ್ಮರು ಉಂಟೆಂಬುದನ್ನು ಸೊಸೈಟಿಯು ಮತಸಿದ್ಧಾಂತವೆಂದು ಒಪ್ಪಬೇಕಾಗುವುದು. ಸೊಸೈಟಿಗೋ ಅಂತಹ ಸಿದ್ಧಾಂತವು ಯಾವುದೂ ಇಲ್ಲ! ೧೮೯೫ರಲ್ಲಿ ಅಮೆರಿಕದ ಶಾಖೆಯು ಜಡ್ಜರೊಡನೆ ಬೇರೆಯಾಯಿತು. ಕಾಣುವ ಗುರುಗಳಿಬ್ಬರಿಗೆ ಜಗಳವಾದರೆ ಶಿಷ್ಯರು ವಾದವನ್ನು ಕೇಳಿ ಪಕ್ಷವನ್ನು ಆರಿಸಿಕೊಳ್ಳಬಹುದು. ಒಬ್ಬನೇ ಅದೃಶ್ಯ ಗುರುವಿನ ಇಬ್ಬರು ದೂತರಿಗೆ ಜಗಳವಾದರೆ ಆರಿಸಿಕೊಳ್ಳುವುದಕ್ಕೆ ವಾದವೇ ಇರುವುದಿಲ್ಲ. ಯಾರ ಮುಖವು ಹೆಚ್ಚು ಪ್ರಿಯವೋ ಅವರ ಕಡೆಗೆ ಹೋಗಬೇಕಷ್ಟೆ.

ಇಲ್ಲಿಯವರೆಗೆ ನಷ್ಟವಾದುದು ಕೀರ್ತಿ, ಸ್ನೇಹ, ಸಂಸ್ಥೆಯ ಐಕಮತ್ಯ. ಮುಂದಿನ ಅಧ್ಯಾಯದಲ್ಲಿ ಒಂದು ಸಂಸಾರವೇ ಒಡೆಯಿತು. ೧೯೦೭ರಲ್ಲಿ ಬೆಸೆಂಟರು ಸೊಸೈಟಿಯ ಅಧ್ಯಕ್ಷರಾದರು. ಅವರ ಸಹಚರರಾದ ಲೆಡ್‌ಬೀಟರರು ತಮಗೆ ದಿವ್ಯದೃಷ್ಟಿಯುಂಟೆಂದು ಹೇಳಿಕೊಂಡವರು. ಪತ್ರಗಳ ಸ್ಥಾನವನ್ನು ಈಗ ಈ ದಿವ್ಯದೃಷ್ಟಿಯು ಆಕ್ರಮಿಸಿತು. ಪತ್ರಕ್ಕಾದರೆ ಕಾಗದವುಂಟು, ಮಸಿಯುಂಟು, ಅಕ್ಷರವುಂಟು, ಪರೀಕ್ಷಕನು ನೋಡಬಹುದು. ಒಬ್ಬನ ಅಂತರ್ದೃಷ್ಟಿಯನ್ನು ಯಾರು ಪರೀಕ್ಷಿಸಬಲ್ಲರು? ೧೯೦೯ರಲ್ಲಿ ಅಡಯಾರಿನ ಕಡಲತೀರದಲ್ಲಿ ಅವರು ಒಬ್ಬ ತೆಲುಗು ಬ್ರಾಹ್ಮಣ ಬಾಲಕನನ್ನು ಕಂಡು, ಮೈತ್ರೇಯನೆಂಬ ಜಗದ್ಗುರುವು ಅವತರಿಸುವುದಕ್ಕೆ ಈ ದೇಹವೇ ಪಾತ್ರೆಯೆಂದು ಸಾರಿದರು. ಆ ಬಾಲಕನೇ ೧೮೯೫ರಲ್ಲಿ ಮದನಪಲ್ಲಿಯಲ್ಲಿ ಜನಿಸಿದ ಜಿಡ್ಡು ಕೃಷ್ಣಮೂರ್ತಿ. ತಂದೆ ನಾರಾಯಣಯ್ಯನವರು ಸರ್ಕಾರದ ಕೆಲಸದಿಂದ ನಿವೃತ್ತರಾಗಿ, ಬಹುಕಾಲದಿಂದ ತಾವೂ ಸದಸ್ಯರಾಗಿದ್ದ ಸೊಸೈಟಿಯ ಆಶ್ರಯವನ್ನು ಸೇರಿದ್ದವರು. ಪತ್ನಿಯು ಮೊದಲೇ ಗತಿಸಿದ್ದಳು. ೧೯೧೦ರಲ್ಲಿ ಅವರು ಕೃಷ್ಣಮೂರ್ತಿ ಮತ್ತು ತಮ್ಮನಾದ ನಿತ್ಯಾನಂದ ಇಬ್ಬರ ಪಾಲನೆಯನ್ನೂ ಬೆಸೆಂಟರಿಗೆ ಬರೆದುಕೊಟ್ಟರು. ೧೯೧೧ರಲ್ಲಿ ಬಾಲಕನನ್ನು ಮುಖ್ಯಸ್ಥನನ್ನಾಗಿ ಮಾಡಿ 'ಪೂರ್ವದಿಕ್ಕಿನ ನಕ್ಷತ್ರ ಸಂಘ'ವು ಸ್ಥಾಪಿತವಾಯಿತು. ಮಕ್ಕಳು ತಮ್ಮಿಂದ ದೂರವಾಗುತ್ತಿರುವುದನ್ನೂ, ಲೆಡ್‌ಬೀಟರರ ಸಹವಾಸವನ್ನೂ ಸಹಿಸಲಾರದೆ ತಂದೆಯು ೧೯೧೨ರಲ್ಲಿ ದಾವೆಯನ್ನು ಹೂಡಿದರು. ೧೯೧೩ರಲ್ಲಿ ಮದರಾಸಿನ ಹೈಕೋರ್ಟು ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದು ತೀರ್ಪಿತ್ತಿತು; ಮಕ್ಕಳಾದರೋ ಇಂಗ್ಲೆಂಡಿನಲ್ಲಿದ್ದರು. ೧೯೧೪ರಲ್ಲಿ ಪ್ರಿವಿ ಕೌನ್ಸಿಲು ಆ ತೀರ್ಪನ್ನು ತಳ್ಳಿಹಾಕಿತು. ಮಹಾತ್ಮರ ಇಚ್ಛೆಯ ಮುಂದೆ ತಂದೆಯ ಹಕ್ಕೆಷ್ಟರದು? ಆ ಇಚ್ಛೆಯನ್ನು ತಿಳಿಸಿದವರು ಮಾತ್ರ ನಮ್ಮ ನಿಮ್ಮಂತಹ ಮನುಷ್ಯರೇ.

ನಿತ್ಯಾನಂದನಿಗೆ ಕ್ಷಯರೋಗವು ತಗುಲಿತು. ಅವನ ಜೀವಕ್ಕೆ ಭಯವಿಲ್ಲವೆಂದೂ, ಲೋಕಕಾರ್ಯಕ್ಕೆ ಅವನು ಬೇಕಾದವನಾದುದರಿಂದ ಗುರುಗಳು ಅವನನ್ನು ಉಳಿಸಿಕೊಡುವರೆಂದೂ ಕೃಷ್ಣಮೂರ್ತಿಯು ನಂಬಿದ್ದನು. ೧೯೨೫ರ ಆಗಸ್ಟಿನಲ್ಲಿ ಹಾಲೆಂಡಿನ ಓಮೆನ್ ಎಂಬಲ್ಲಿ ಜಗದ್ಗುರುವಿನ ಅಪೋಸ್ತಲರ ಹೆಸರುಗಳನ್ನು ಘೋಷಿಸಿ ಉತ್ಸವವಾಯಿತು. ಲೆಡ್‌ಬೀಟರರು ಗುರುಗಳ ಶ್ರೇಣಿಯನ್ನೂ ದೀಕ್ಷಾಕ್ರಮವನ್ನೂ ವಿವರಿಸಿದ ಗ್ರಂಥವು ಹೊರಬಂದುದೂ ಅದೇ ವರ್ಷ. ಅದೇ ನವೆಂಬರ್ ೧೩ರಂದು ಕ್ಯಾಲಿಫೋರ್ನಿಯಾದಲ್ಲಿ ನಿತ್ಯಾನಂದನು ತೀರಿಕೊಂಡನು. ಅಣ್ಣನು ಆಗ ಹಿಂದೂದೇಶಕ್ಕೆ ಬರುವ ಹಡಗಿನಲ್ಲಿದ್ದನು. ಅವನ ಶೋಕವನ್ನು ಹತ್ತಿರದಿಂದ ಕಂಡವರು, ಗುರುಗಳ ಮೇಲಣ ಅವನ ಹಳೆಯ ನಂಬಿಕೆಯು ಆ ಸಮುದ್ರಪ್ರಯಾಣದಲ್ಲಿಯೇ ಕುಸಿಯಿತೆಂದು ಬರೆದಿದ್ದಾರೆ. ೧೯೨೯ನೆಯ ಆಗಸ್ಟ್ ೩ರಂದು ಅದೇ ಓಮೆನ್ನಿನಲ್ಲಿ, ಮೂರು ಸಾವಿರಕ್ಕೂ ಮೀರಿದ ಸದಸ್ಯರ ಎದುರಿಗೆ, ತನ್ನನ್ನು ಮಗನಂತೆ ಸಾಕಿದ ಬೆಸೆಂಟರೂ ಕುಳಿತಿರುವಾಗ, ಕೃಷ್ಣಮೂರ್ತಿಯವರು ಆ ಸಂಘವನ್ನು ವಿಸರ್ಜಿಸಿದರು. ಸಂಸ್ಥೆಗಳಿಂದ ಸತ್ಯವು ದೊರೆಯದೆಂದೂ, ತಮಗೆ ಅನುಯಾಯಿಗಳು ಬೇಡವೆಂದೂ ಹೇಳಿದರು. ಕೋಟೆಮನೆಯನ್ನೂ ಭೂಮಿಯನ್ನೂ ಕೊಟ್ಟವರಿಗೇ ಹಿಂದಿರುಗಿಸಿದರು. ಅದೃಶ್ಯ ಗುರುಗಳು ಆರಿಸಿದ ಪಾತ್ರೆಯೇ ಬಾಯಿತೆರೆದು, ನಾನು ಪಾತ್ರೆಯಲ್ಲವೆಂದು ಹೇಳಿದ ಪ್ರಸಂಗವಿದು. ಈ ಚರಿತ್ರೆಯಲ್ಲಿ ಇದಕ್ಕೆ ಸಮಾನವಾದ ಧೈರ್ಯವು ಇನ್ನೊಂದಿಲ್ಲ.

ಇಷ್ಟರಿಂದ ಈ ನಂಬಿಕೆಯು ಅಳಿಯಲಿಲ್ಲ. ಅಮೆರಿಕದಲ್ಲಿ ಹೊಸ ರೂಪವನ್ನು ತಾಳಿತು. ಬ್ಲಾವಟ್‌ಸ್ಕಿಯವರ ಮಹಾತ್ಮರು ದೇಹಧಾರಿಗಳು. ಊಟಮಾಡುವವರು, ಕುದುರೆಯನ್ನು ಏರುವವರು, ದಣಿಯುವವರು. ಟಿಬೆಟ್ಟಿಗೆ ಹೋದರೆ ಅವರನ್ನು ಕಾಣಬಹುದೆಂಬ ಆಸೆಗಾದರೂ ಎಡೆಯಿದ್ದಿತು. ಗೈ ಬ್ಯಾಲರ್ಡ್ ಎಂಬವರು ೧೯೩೦ರಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತದಲ್ಲಿ ತಾವು ಸೇಂಟ್ ಜರ್ಮೇನನನ್ನು ಕಂಡೆವೆಂದು ಹೇಳಿ, ೧೯೩೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಈ ಸೇಂಟ್ ಜರ್ಮೇನನು ಯೂರೋಪಿನ ರಾಜಾಸ್ಥಾನಗಳಲ್ಲಿ ಅಲೆದಾಡಿ ೧೭೮೪ರಲ್ಲಿ ಮೃತನಾದನೆಂದು ದಾಖಲೆಯಿರುವ ಒಬ್ಬ ವಿಚಿತ್ರಪುರುಷ. ಬ್ಯಾಲರ್ಡರ ಮತದಲ್ಲಿ ಅವನು ಮರಣವನ್ನು ಜಯಿಸಿ ಮೇಲೇರಿದವನು. 'ಊರ್ಧ್ವಗತ ಗುರು' ಎಂಬ ಮಾತಿಗೆ ಪ್ರಚಾರವು ಬಂದುದು ಇಲ್ಲಿಂದ. ಸಿಮ್ಲಾದಿಂದ ಟಿಬೆಟ್ಟಿಗೆ, ಟಿಬೆಟ್ಟಿನಿಂದ ದಿವ್ಯದೃಷ್ಟಿಗೆ, ಅಲ್ಲಿಂದ ಲೋಕಾಂತರಕ್ಕೆ—ಹೀಗೆ ಪ್ರಶ್ನೆಯು ಬೆನ್ನಟ್ಟಿದಂತೆಲ್ಲ ಗುರುವು ದೂರ ಸರಿಯುತ್ತ ಹೋದನು. ಗುರುವು ದೂರ ಸರಿದಷ್ಟೂ ದೂತನ ಅಧಿಕಾರವು ಬೆಳೆಯಿತು.

ಮೇಲೇರುವ ಮಾರ್ಗವನ್ನು ಬೋಧಿಸಿದ ಬ್ಯಾಲರ್ಡರು ೧೯೩೯ರ ಡಿಸೆಂಬರಿನಲ್ಲಿ ಎಲ್ಲರಂತೆಯೇ ತೀರಿಕೊಂಡರು. ಅವರು ಊರ್ಧ್ವಗತರಾದರೆಂದು ಪತ್ನಿಯು ಸಾರಿದಳು, ದೂತನೇ ಗುರುವಾದನು. ಮರುವರ್ಷ ಸರ್ಕಾರವು ಪತ್ನಿಯ ಮೇಲೆಯೂ ಮಗನ ಮೇಲೆಯೂ ಅಂಚೆಯ ಮೂಲಕ ವಂಚನೆಯಿಂದ ಹಣವೆತ್ತಿದರೆಂಬ ಮೊಕದ್ದಮೆಯನ್ನು ಹೂಡಿತು. ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ೧೯೪೪ರಲ್ಲಿ ಸ್ಮರಣೀಯವಾದ ನಿರ್ಣಯವೊಂದು ಹೊರಬಿದ್ದಿತು: ಮತವಿಶ್ವಾಸವು ಸತ್ಯವೋ ಅಸತ್ಯವೋ ಎಂಬುದನ್ನು ನ್ಯಾಯಸ್ಥಾನವು ವಿಚಾರಿಸಕೂಡದು, ಹೇಳುವವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದರೇ ಎಂಬುದನ್ನು ಮಾತ್ರ ನೋಡಬಹುದು. ಐವತ್ತು ವರ್ಷಗಳ ಹಿಂದೆ ಜಡ್ಜರ ವಿಷಯದಲ್ಲಿ ಸೊಸೈಟಿಯ ಸಮಿತಿಯು ನಿಂತ ಸ್ಥಳದಲ್ಲಿಯೇ ಒಂದು ಮಹಾರಾಷ್ಟ್ರದ ಪರಮೋಚ್ಚ ನ್ಯಾಯಸ್ಥಾನವೂ ಬಂದು ನಿಂತಿತು. ಇದು ನ್ಯಾಯಾಧೀಶರ ದೌರ್ಬಲ್ಯವಲ್ಲ, ವಿವೇಕ. ಆದರೆ ಇದರಿಂದ ಒಂದು ಸಂಗತಿಯು ಗೊತ್ತಾಗುತ್ತದೆ: ಈ ವಿಷಯದಲ್ಲಿ ಗೃಹಸ್ಥನನ್ನು ಕಾಪಾಡುವುದಕ್ಕೆ ಕಾನೂನು ಬರುವುದಿಲ್ಲ, ಅವನ ವಿವೇಕವೇ ಅವನಿಗೆ ಕಾವಲು. ೧೯೫೮ರಲ್ಲಿ ಮಾರ್ಕ್ ಪ್ರಾಫೆಟ್ ಎಂಬವರು ಇದೇ ಮಾದರಿಯ ಇನ್ನೊಂದು ಪಂಥವನ್ನು ಸ್ಥಾಪಿಸಿದರು. ೧೯೭೩ರಲ್ಲಿ ಅವರು ತೀರಿಕೊಂಡಾಗ ಅವರೂ ಊರ್ಧ್ವಗತರೆನಿಸಿದರು. ಪತ್ನಿ ಎಲಿಜಬೆತ್ ಕ್ಲೇರರ ಮುಖದಿಂದ ಬಂದ ಎಚ್ಚರಿಕೆಗಳನ್ನು ನಂಬಿದ ಶಿಷ್ಯರು ಮಾಂಟಾನಾ ಪ್ರಾಂತದಲ್ಲಿ ನೆಲದಡಿಯ ಮನೆಗಳನ್ನು ಕಟ್ಟಿಕೊಂಡು, ೧೯೯೦ರ ಮಾರ್ಚಿನ ಒಂದು ರಾತ್ರಿ ಅಣ್ವಸ್ತ್ರಪ್ರಳಯವನ್ನು ಕಾದು ಕುಳಿತರು. ಬೆಳಗಾಯಿತು, ಪ್ರಳಯವು ಬರಲಿಲ್ಲ.

ಇನ್ನು ನಮ್ಮ ಸಂಪ್ರದಾಯದ ಕಡೆಗೆ ತಿರುಗೋಣ. ಅದೃಶ್ಯರಿಂದ ಉಪದೇಶವೆಂಬುದು ನಮಗೇನೂ ಹೊಸದಲ್ಲವೆಂದು ಮೊದಲೇ ಹೇಳಿದೆ. ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ವಾಚಕರು ಬಲ್ಲರು. ಹಾರಿದ್ರುಮತ ಗೌತಮರ ಶಿಷ್ಯನಾಗಿ ಅರಣ್ಯದಲ್ಲಿ ಗೋವುಗಳನ್ನು ಕಾಯುತ್ತಿದ್ದ ಅವನಿಗೆ ವೃಷಭ, ಅಗ್ನಿ, ಹಂಸ, ಮದ್ಗು ಎಂಬ ಜಲಪಕ್ಷಿ—ಈ ನಾಲ್ವರು ಬ್ರಹ್ಮದ ಒಂದೊಂದು ಪಾದವನ್ನು ಉಪದೇಶಿಸಿದರು. ಹಿಂದಿರುಗಿದ ಶಿಷ್ಯನ ಮುಖದಲ್ಲಿ ತೇಜಸ್ಸನ್ನು ಕಂಡು, ನಿನಗೆ ಉಪದೇಶಿಸಿದವರು ಯಾರೆಂದು ಗುರುವು ಕೇಳಿದನು. ಮನುಷ್ಯರಲ್ಲದವರೆಂದು ಶಿಷ್ಯನು ನಿಜವನ್ನು ಹೇಳಿದನು. ಆದರೂ ಆಚಾರ್ಯರಿಂದ ತಿಳಿದ ವಿದ್ಯೆಯೇ ಸಾಧುವೆಂದು ಹಿರಿಯರಿಂದ ಕ�ೇಳಿರುವೆನು, ಆದುದರಿಂದ ತಾವೇ ಹೇಳಬೇಕೆಂದು ಬೇಡಿಕೊಂಡನು. ಗುರುವು ಅದನ್ನೇ, ಏನೂ ಕೊರತೆಯಾಗದಂತೆ, ಮತ್ತೆ ಉಪದೇಶಿಸಿದನು. ದೇವತೆಗಳಿಂದ ಕೇಳಿದವನಿಗೂ ಮನುಷ್ಯಗುರುವಿನ ಮುಂದೆ ಕುಳಿತು ಅದನ್ನು ಒರೆಗೆ ಹಚ್ಚಿಕೊಳ್ಳಬೇಕೆನಿಸಿತು. ತನಗೆ ಹಂಸವು ಹೇಳಿತೆಂದು ಅವನು ಪಂಥವನ್ನು ಕಟ್ಟಲಿಲ್ಲ.

ನಮ್ಮ ನಾಡಿನದೇ ಆದ ನಿದರ್ಶನವೂ ಒಂದುಂಟು. ಶ್ರೀ ಮಧ್ವಾಚಾರ್ಯರು ಬದರಿಗೆ ತೆರಳಿ ಸಾಕ್ಷಾತ್ ವೇದವ್ಯಾಸರನ್ನು ಕಂಡು ಅವರಿಂದ ಉಪದೇಶವನ್ನು ಪಡೆದರೆಂದು ನಾರಾಯಣಪಂಡಿತಾಚಾರ್ಯರ 'ಸುಮಧ್ವವಿಜಯ'ವು ವರ್ಣಿಸುತ್ತದೆ. ಭಕ್ತರಿಗೆ ಅದು ಪರಮಸತ್ಯ. ಹಾಗಿದ್ದರೂ ಆ ಸಂಪ್ರದಾಯದ ಮಹಾವಿದ್ವಾಂಸರು, ವ್ಯಾಸರೇ ಹೇಳಿದ್ದಾರೆ, ಇನ್ನು ಸುಮ್ಮನಿರಿ ಎಂದು ಪ್ರತಿವಾದಿಗಳ ಬಾಯನ್ನು ಮುಚ್ಚಿಸಲಿಲ್ಲ. ಜಯತೀರ್ಥರು 'ನ್ಯಾಯಸುಧಾ'ವನ್ನು ರಚಿಸಿದರು. ವಿಜಯನಗರದ ಕಾಲದ ವ್ಯಾಸತೀರ್ಥರು 'ನ್ಯಾಯಾಮೃತ'ವನ್ನು ರಚಿಸಿದರು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯನ್ನು ಬರೆದರು. ಅದಕ್ಕೂ ಈ ಕಡೆಯಿಂದ ಉತ್ತರವು ಹೊರಟಿತು. ಶ್ರುತಿ, ಯುಕ್ತಿ, ವ್ಯಾಕರಣ, ಮೀಮಾಂಸೆ—ಎಲ್ಲರಿಗೂ ತೆರೆದ ಅಂಗಳದಲ್ಲಿ ವಾದವು ನಡೆಯಿತು. ಗುರುವಿನ ದರ್ಶನವು ಅವರಿಗೆ ಭಕ್ತಿಯ ಆಧಾರವಾಗಿತ್ತೇ ಹೊರತು ವಾದವನ್ನು ತಪ್ಪಿಸಿಕೊಳ್ಳುವ ಮರೆಯಾಗಿರಲಿಲ್ಲ. ಮುಂಡಕೋಪನಿಷತ್ತು ಗುರುವಿಗೆ ಹೇಳುವ ಲಕ್ಷಣಗಳು ಎರಡು: ಅವನು ಶ್ರೋತ್ರಿಯನಾಗಿರಬೇಕು, ಬ್ರಹ್ಮನಿಷ್ಠನಾಗಿರಬೇಕು. ಶ್ರೋತ್ರಿಯನೋ ಅಲ್ಲವೋ ಎಂಬುದು ಅವನ ಪಾಠವನ್ನು ಕೇಳಿದರೆ ತಿಳಿಯುವುದು. ಬ್ರಹ್ಮನಿಷ್ಠೆಯು ಅವನ ನಡತೆಯನ್ನು ಬಹುಕಾಲ ನೋಡಿದರೆ ತಿಳಿಯುವುದು. ಎರಡಕ್ಕೂ ಸಮೀಪವಾಸವು ಬೇಕು. ಸಮಿತ್ತನ್ನು ಕೈಯಲ್ಲಿ ಹಿಡಿದು ಹೋಗಬೇಕೆಂದು ವಿಧಿಸಿರುವಾಗ, ಹೋಗಿ ಸೇರುವುದಕ್ಕೆ ಒಂದು ಸ್ಥಳವೂ, ಅಲ್ಲಿ ಒಬ್ಬ ಮನುಷ್ಯನೂ ಇರಬೇಕಷ್ಟೆ.

ಹೀಗೆ ಹೇಳಿದ ಮಾತ್ರಕ್ಕೆ ಥಿಯಾಸಫಿಯವರು ಮಾಡಿದ ಉಪಕಾರವನ್ನು ಮರೆತರೆ ಕೃತಘ್ನತೆಯಾಗುವುದು. ೧೮೮೬ರಲ್ಲಿ ಆಲ್ಕಾಟರು ಸ್ಥಾಪಿಸಿದ ಅಡಯಾರ್ ಪುಸ್ತಕಾಲಯವು ಸಾವಿರಾರು ತಾಳೆಗರಿಯ ಗ್ರಂಥಗಳನ್ನು ಗೆದ್ದಲಿನ ಬಾಯಿಂದ ಉಳಿಸಿತು. ಬೆಸೆಂಟರು ೧೮೯೮ರಲ್ಲಿ ಕಾಶಿಯಲ್ಲಿ ತೆರೆದ ಸೆಂಟ್ರಲ್ ಹಿಂದೂ ಕಾಲೇಜು ಮುಂದೆ ಹಿಂದೂ ವಿಶ್ವವಿದ್ಯಾಲಯಕ್ಕೆ ಬೀಜವಾಯಿತು. ಅವರೇ ೧೯೧೭ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಮೋಹನದಾಸ ಗಾಂಧಿಯವರಿಗೆ ಭಗವದ್ಗೀತೆಯನ್ನು ಓದುವ ಪ್ರಸಂಗವು ಒದಗಿದುದು ಇಬ್ಬರು ಥಿಯಾಸಫಿಸ್ಟರಿಂದ. ಬಿ. ಪಿ. ವಾಡಿಯಾ ಅವರಂತೂ ೧೯೧೭ರಲ್ಲಿ ಬೆಸೆಂಟರೊಡನೆ ಸರ್ಕಾರದ ಬಂಧನವನ್ನು ಅನುಭವಿಸಿದವರು. ೧೯೧೮ರಲ್ಲಿ ಮದರಾಸಿನ ಕೂಲಿಕಾರರ ಸಂಘವನ್ನು ಕಟ್ಟಿದವರು. ಸೊಸೈಟಿಯು ಮೂಲೋಪದೇಶದಿಂದ ದೂರ ಸರಿಯಿತೆಂದು ತೋರಿದಾಗ ೧೯೨೨ರಲ್ಲಿ ಅದನ್ನು ಬಿಟ್ಟರು. ೧೯೪೫ರಲ್ಲಿ ಅವರು ಬೆಂಗಳೂರಿನ ಬಸವನಗುಡಿಯಲ್ಲಿ ಸ್ಥಾಪಿಸಿದ ಸಂಸ್ಕೃತಿಸಂಸ್ಥೆಯ ಪುಸ್ತಕಾಲಯದಲ್ಲಿಯೂ ಉಪನ್ಯಾಸಮಂದಿರದಲ್ಲಿಯೂ ಕನ್ನಡಿಗರ ಎಷ್ಟು ತಲೆಮಾರುಗಳು ಜ್ಞಾನಾರ್ಜನೆ ಮಾಡಿವೆಯೆಂಬುದು ಆ ಊರನ್ನು ಬಲ್ಲವರಿಗೆ ಗೊತ್ತಿದೆ. ವಾಡಿಯಾ ಅವರು ಬ್ಲಾವಟ್‌ಸ್ಕಿಯವರನ್ನೂ ಮಹಾತ್ಮರನ್ನೂ ಕೊನೆಯವರೆಗೆ ನಂಬಿದವರೇ. ಆದರೆ ಅವರ ಕೆಲಸವು ಮಹಾತ್ಮರ ಪತ್ರವನ್ನು ತೋರಿಸಿ ನಡೆದುದಲ್ಲ; ಪುಸ್ತಕ, ಉಪನ್ಯಾಸ, ಸೇವೆ ಎಂಬ ಕಣ್ಣಿಗೆ ಕಾಣುವ ಸಾಧನಗಳಿಂದ ನಡೆದುದು. ಮೇಲೆ ಹೇಳಿದ ಉಪಕಾರಗಳೆಲ್ಲವೂ ಹೀಗೆಯೇ. ತಾಳೆಗರಿಯನ್ನು ಶೋಧಿಸಿದುದು ಪಂಡಿತರ ಕಣ್ಣು. ಕಾಲೇಜನ್ನು ನಡೆಸಿದುದು ಉಪಾಧ್ಯಾಯರ ದುಡಿಮೆ. ಅದೃಶ್ಯ ಗುರುವಿನ ಅಪ್ಪಣೆಯೆಂದು ನಡೆದುವಾದರೋ ಬೀರು, ಪತ್ರ, ಅವತಾರದ ಘೋಷಣೆ, ನೆಲಮನೆ.

ಇಂದಿಗೂ ನಮ್ಮ ಊರುಕೇರಿಗಳಲ್ಲಿ, ತನಗೆ ಸಿದ್ಧರು ಕನಸಿನಲ್ಲಿ ಹೇಳುತ್ತಾರೆ, ದಿವಂಗತರಾದ ಗುರುಗಳು ತನ್ನ ಮೈಮೇಲೆ ಬಂದು ಅಪ್ಪಣೆ ಕೊಡಿಸುತ್ತಾರೆಂದು ಹೇಳಿಕೊಳ್ಳುವವರು ಇದ್ದಾರೆ. ಅವರೆಲ್ಲರನ್ನೂ ವಂಚಕರೆಂದು ಜರೆಯುವುದು ನ್ಯಾಯವಲ್ಲ. ಬ್ಲಾವಟ್‌ಸ್ಕಿಯವರ ವಿಷಯದಲ್ಲಿಯೇ ನೂರಿಪ್ಪತ್ತು ವರ್ಷಗಳಿಗೂ ಮೀರಿ ವಾದವು ತೀರಿಲ್ಲವಲ್ಲ. ನಂಬುವವರು ನಂಬಲಿ. ಆದರೆ ಅಂತಹ ಅಪ್ಪಣೆಯ ಮೇಲೆ ಮಗಳ ಮದುವೆಯನ್ನು ನಿಲ್ಲಿಸುವುದಕ್ಕೆ, ಹೊಲವನ್ನು ಮಾರುವುದಕ್ಕೆ, ರೋಗಿಯ ಔಷಧವನ್ನು ಬಿಡಿಸುವುದಕ್ಕೆ ಮುಂಚೆ ಗೃಹಸ್ಥನು ಸತ್ಯಕಾಮನಂತೆ ಒಂದು ಹೆಜ್ಜೆ ಹಿಂದಕ್ಕೆ ಬಂದು, ಕಣ್ಣೆದುರಿಗಿರುವ ಹಿರಿಯರೊಬ್ಬರ ಮುಂದೆ ಕುಳಿತು ಕೇಳಲಿ. ಉಪದೇಶವು ನಿಜವಾಗಿ ಮೇಲಿನಿಂದಲೇ ಬಂದುದಾದರೆ, ಗೌತಮರು ಹೇಳಿದಾಗ ಆದಂತೆ, ಆ ಪರೀಕ್ಷೆಯಲ್ಲಿ ಅದಕ್ಕೆ ಏನೊಂದೂ ಕೊರತೆಯಾಗದು. ಕೊರತೆಯಾಗುವುದೆಂದು ದೂತನು ಹೆದರುವನಾದರೆ, ಆ ಹೆದರಿಕೆಯೇ ನಮಗೆ ಬೇಕಾದ ಉತ್ತರ.